ವಾಲ್ವ್ ಆಂಪ್ಲಿಫೈಯರೋ, ಟ್ರಾನ್ಸಿಸ್ಟರೋ?

ಮೊದಲೇ ಹೇಳಿಬಿಡುತ್ತೇನೆ, ಮಲ್ಲೇಶ್ವರದ ನಮ್ಮ ಹಜಾರದಲ್ಲಿ ಕೊನೆಗೆ ಉಳಿದದ್ದು ಟ್ರಾನ್ಸಿಸ್ಟರ್ ಆಂಪ್ಲಿಫೈಯರ್. ಸ್ಪೀಕರ್ ನುಡಿಸುವ ಆಂಪ್ಲಿಫೈಯರ್‌ಗಳಲ್ಲಿ ಹಳೆಯ ಬಗೆ ಬಿಸಿ ಗಾಜಿನ ಕೊಳವೆಗಳಾದ ವಾಲ್ವ್‌ಗಳದ್ದು, ಹೊಸ ಬಗೆ ಅರೆವಾಹಕದ ಟ್ರಾನ್ಸಿಸ್ಟರ್‌ಗಳದ್ದು. ವಾಲ್ವಿನ ಭಕ್ತರು ಇಲ್ಲಿಗೇ ಓದು ನಿಲ್ಲಿಸಬೇಕಿಲ್ಲ. ಅವರ ವಾದದಲ್ಲಿ ಹುರುಳಿರುವುದನ್ನು ಕಿವಿಯಾರೆ ಕೇಳಿದ್ದೇನೆ. ಅಷ್ಟಕ್ಕೂ ಬೆಂಗಳೂರಿನ ಮಟ್ಟಿಗೆ ಇದು ದಾಯಾದಿಗಳ ಜಗಳ. ಜಾಲಹಳ್ಳಿಯ ಸರ್ಕಾರಿ ಸಂಸ್ಥೆ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) 1961ರಲ್ಲಿ ರೇಡಿಯೋ ವಾಲ್ವ್‌ಗಳನ್ನು ತಯಾರಿಸತೊಡಗಿತು. ಮರುವರ್ಷ ಅದೇ ಸಂಸ್ಥೆಯಿಂದ ಟ್ರಾನ್ಸಿಸ್ಟರ್ ಬಳಗದ ಜರ್ಮೇನಿಯಂ ಅರೆವಾಹಕಗಳೂ ಹೊರಬಂದವು.

ವಾಲ್ವ್ ಆಂಪ್ಲಿಫೈಯರ್ ಸ್ನೇಹಿತರೊಬ್ಬರು ಕೈಯಾರೆ ಕಟ್ಟಿದ್ದು. ಒಂದೊಂದು ಚಾನೆಲ್‌ಗೆ ಪುಷ್-ಪುಲ್ ಜೋಡಣೆಯ (ಒಂದು ತಳ್ಳಿದಾಗ ಇನ್ನೊಂದು ಎಳೆಯುವ) ಎರಡು ಇಎಲ್84 ವಾಲ್ವ್, ಹತ್ತು-ಹನ್ನೆರಡು ವಾಟ್. ಎದುರಿಗೆ ನನ್ನ ಹಳೆಯ 60 ವಾಟಿನ, ಕ್ಲಾಸ್ ಎಬಿ ಎಂಬ ಸಾಮಾನ್ಯ ವಿನ್ಯಾಸದ ಟ್ರಾನ್ಸಿಸ್ಟರ್. ಸ್ಪೀಕರ್ ಎರಡಕ್ಕೂ ಒಂದೇ: ಮಂದ್ರ ನುಡಿಸುವ ಆರೂವರೆ ಇಂಚಿನ ವೂಫರ್, 8 ಓಮ್ ತಡೆ, 87 ಡೆಸಿಬಲ್ ಸಂವೇದನೆ (ಕೊಟ್ಟ ವಾಟಿಗೆ ಎಷ್ಟು ಸದ್ದು ಹೊರಡುತ್ತದೆ ಎಂಬ ಅಳತೆ).

ಜೋರಾಗಿ ನುಡಿದದ್ದೇ ಚೆನ್ನಾಗಿದೆ ಎನಿಸುವುದು ಕಿವಿಯ ಸ್ವಭಾವ. ಒಂದು ಡೆಸಿಬಲ್ ಹೆಚ್ಚಾದರೂ ಸಾಕು, ತೀರ್ಪು ಆ ಕಡೆಗೆ ವಾಲುತ್ತದೆ. ಹಾಗಾಗಿ 400 ಹರ್ಟ್ಸ್‌ನ ಸ್ವರ ನುಡಿಸಿ, ಸ್ಪೀಕರ್ ತುದಿಗಳಲ್ಲಿ ಮಲ್ಟಿಮೀಟರ್ ಇಟ್ಟು, ಎರಡರ ವೋಲ್ಟೇಜನ್ನೂ ಸಮ ಮಾಡಿಕೊಂಡ ಮೇಲೆಯೇ ಕೇಳಲು ಕುಳಿತೆ. ತಂತಿ ಬದಲಿಸುವಾಗ ಎಚ್ಚರ ಬೇಕು. ವಾಲ್ವ್ ನುಡಿಯುತ್ತಿರುವಾಗ ಸ್ಪೀಕರ್ ಕಳಚಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹಾಳಾಗಬಹುದು. ಟ್ರಾನ್ಸಿಸ್ಟರಿಗೆ ಸ್ಪೀಕರ್ ಇಲ್ಲದಿದ್ದರೂ ಚಿಂತೆಯಿಲ್ಲ, ತಂತಿಯ ತುದಿಗಳು ಒಂದಕ್ಕೊಂದು ತಗುಲಿದರೆ ಮಾತ್ರ ಅನಾಹುತ.

ವೀಣೆ ದೊರೆಸ್ವಾಮಿ ಅಯ್ಯಂಗಾರ್ ಅವರ ಧ್ವನಿಮುದ್ರಣ ಹಾಕಿದಾಗ ವಾಲ್ವ್ ಮನಸ್ಸು ಗೆದ್ದಿತು. ಮೀಟಿನ ಮೊನಚು ತುಸು ಮೆದುವಾಗಿ, ಅದರ ಹಿಂದಿನ ಮಂದ್ರದ ನಾದ ಕೋಣೆಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಂತಂತಿತ್ತು. ರಾತ್ರಿ ಸಣ್ಣ ಸದ್ದಿನಲ್ಲಿ ಕೇಳುವಾಗಲಂತೂ ಟ್ರಾನ್ಸಿಸ್ಟರ್ ಇದರ ಮುಂದೆ ತೆಳ್ಳಗೆನಿಸಿತು. ಮಲ್ಲಿಕಾರ್ಜುನ ಮನ್ಸೂರರ ಕಂಠಕ್ಕೆ ಬಂದಾಗ ಮಾತ್ರ ಅಂತರ ಬಹುಮಟ್ಟಿಗೆ ಕರಗಿತು. ಯಾವುದು ನುಡಿಯುತ್ತಿದೆ ಎಂದು ತಿಳಿಸದೆ ನನ್ನ ತಮ್ಮ ತಂತಿ ಬದಲಾಯಿಸಿದಾಗ ನಾನು ಹೇಳಿದ್ದೆಲ್ಲ ಬರೀ ಊಹೆ.

ಮೃದಂಗದ ಸರದಿ ಬಂದಾಗ ಲೆಕ್ಕ ತಿರುಗಿತು. ಎಡಗೈಯ ಗುಮಕಿ, ಅಂದರೆ ಆ ತುಂಬಿದ ಮಂದ್ರ ನಾದ, ವಾಲ್ವಿನಲ್ಲಿ ಊದಿಕೊಂಡಿತು. ಒಂದು ಪೆಟ್ಟಿನ ಬಾಲ ಮುಂದಿನ ಪೆಟ್ಟಿನ ಮೇಲೆ ಬೀಳುತ್ತಿತ್ತು. ಟ್ರಾನ್ಸಿಸ್ಟರಿನಲ್ಲಿ ಪೆಟ್ಟು ಬಿದ್ದ ಜಾಗ, ಮುಗಿದ ಜಾಗ ಎರಡೂ ಸ್ಪಷ್ಟ.

ವಾಲ್ವಿನ ಸಿಹಿಗೆ ಎರಡನೆಯ ಹಾರ್ಮೋನಿಕ್ (ಮೂಲ ಸ್ವರದ ಎರಡರಷ್ಟು ಕಂಪನಾಂಕದ ಸ್ವರ) ಕಾರಣ ಎನ್ನುವ ಮಾತು ಎಲ್ಲೆಡೆ ಕೇಳಿಬರುತ್ತದೆ. ಒಂಟಿ ವಾಲ್ವಿನ ಸಿಂಗಲ್-ಎಂಡೆಡ್ ಜೋಡಣೆಗೆ ಅದು ಒಪ್ಪುವ ಮಾತು. ಪುಷ್-ಪುಲ್‌ನಲ್ಲಿ ಔಟ್‌ಪುಟ್ ಜೋಡಿಯ ಸಮಸಂಖ್ಯೆಯ ಹಾರ್ಮೋನಿಕ್‌ಗಳು ಬಹುಪಾಲು ತಮ್ಮಲ್ಲೇ ವಜಾ ಆಗುತ್ತವೆ. ನನ್ನ ಗುಮಾನಿ ಔಟ್‌ಪುಟ್ ಇಂಪೀಡೆನ್ಸ್ ಮೇಲೆ, ಅಂದರೆ ಆಂಪ್ಲಿಫೈಯರ್ ತನ್ನೊಳಗೇ ಒಡ್ಡುವ ತಡೆಯ ಮೇಲೆ. ಟ್ರಾನ್ಸಿಸ್ಟರಿನಲ್ಲಿ ಅದು ಓಮ್‌ನ ಸಣ್ಣ ಭಿನ್ನಾಂಶ. ಇಂಥ ವಾಲ್ವ್ ಆಂಪ್ಲಿಫೈಯರಿನಲ್ಲಿ ಒಂದೆರಡು ಓಮ್ ಇರುವುದು ಸಾಮಾನ್ಯ. 8 ಓಮ್ ಎಂದು ಬರೆದುಕೊಂಡ ಸ್ಪೀಕರ್ ತನ್ನ ಮಂದ್ರದ ಅನುರಣನದ ಬಳಿ 30 ಓಮ್‌ವರೆಗೂ ಏರಬಲ್ಲದು. ಆಗ ವಾಲ್ವಿನಿಂದ ಅಲ್ಲಿಗೆ ಹೆಚ್ಚು ವೋಲ್ಟೇಜ್ ತಲುಪಿ ಆ ಜಾಗ ಒಂದೆರಡು ಡೆಸಿಬಲ್ ಎದ್ದು ನಿಲ್ಲುತ್ತದೆ. ಸ್ಪೀಕರಿನಲ್ಲಿ ಕಂಪಿಸುವ ಕೋನಿನ ಓಲಾಟಕ್ಕೆ ಕಡಿವಾಣವೂ ಸಡಿಲವಾಗುತ್ತದೆ.

ಗುಮಾನಿ ಪರೀಕ್ಷಿಸಲು ದೊಡ್ಡ ಖರ್ಚೇನೂ ಬೇಕಾಗಲಿಲ್ಲ. ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿಗಳಿರುವ ಎಸ್.ಪಿ. ರಸ್ತೆಯಲ್ಲಿ 10 ವಾಟ್ ತಾಳುವ 1.5 ಓಮ್‌ನ ಎರಡು ರೆಸಿಸ್ಟರ್ ಕೊಂಡೆ, ಬಿಳಿ ಪಿಂಗಾಣಿ ಹೊದಿಕೆಯವು. ಅವನ್ನು ಟ್ರಾನ್ಸಿಸ್ಟರಿನ ಸ್ಪೀಕರ್ ತಂತಿಗಳಿಗೆ ಸರಣಿಯಲ್ಲಿ ಸೇರಿಸಿ, ಸದ್ದಿನ ಮಟ್ಟ ಮತ್ತೆ ಸರಿಹೊಂದಿಸಿ ಅದೇ ವೀಣೆ ಹಾಕಿದೆ. ಮೈತುಂಬಿದ ನಾದ ಬಂತು! ಮೃದಂಗ ಹಾಕಿದೆ, ಅದೇ ಊತವೂ ಬಂತು. ವಾಲ್ವಿನಲ್ಲಿ ನಾನು ಮೆಚ್ಚಿದ್ದರ ಬಹುಭಾಗ ಕೆಲವೇ ರೂಪಾಯಿಯ ಆ ತುಣುಕಿನಲ್ಲಿತ್ತು. ಈಗ ಅದಕ್ಕೊಂದು ಸ್ವಿಚ್ ಜೋಡಿಸಿದ್ದೇನೆ. ಬೇಕಾದಾಗ ಸೇರಿಸಬಹುದು, ಬೇಡವಾದಾಗ ಬಿಡಬಹುದು. ವಾಲ್ವಿನಲ್ಲಿ ಈ ಅನುಕೂಲವಿಲ್ಲ.

ಉಳಿದದ್ದು ಮನೆಯ ವ್ಯವಹಾರ. ನಾಲ್ಕು ಇಎಲ್84ಗಳ ಆಂಪ್ಲಿಫೈಯರ್ ಹಾಡಲಿ ಬಿಡಲಿ, ಹೆಚ್ಚುಕಡಿಮೆ 100 ವಾಟ್ ಎಳೆಯುತ್ತಲೇ ಇರುತ್ತದೆ, ಅದೆಲ್ಲ ಕೋಣೆಗೆ ಶಾಖವಾಗಿ ಸೇರುತ್ತದೆ. ಏಪ್ರಿಲ್‌ನಲ್ಲಿ ಅಮ್ಮ ಬಂದು ಫ್ಯಾನನ್ನು ಪೂರ್ತಿ ವೇಗಕ್ಕೆ ತಿರುಗಿಸುವರು, ಆ ಸದ್ದಿನಲ್ಲಿ ತಂಬೂರಿ ಮುಳುಗುವುದು. ಇಷ್ಟು ಸೂಕ್ಷ್ಮವೆಲ್ಲ ಆಮೇಲೆ ಯಾರಿಗೆ ಬೇಕು? ಕರೆಂಟ್ ಹೋಗಿ ಯುಪಿಎಸ್ ಹಿಡಿದುಕೊಂಡಾಗ ಎರಡೂ ಗುಂಯ್‌ಗುಟ್ಟಿದವು. ನಮ್ಮದು ಚೌಕ ಅಲೆಯ ಅಗ್ಗದ ಯುಪಿಎಸ್. ವಾಲ್ವಿನ ಟ್ರಾನ್ಸ್‌ಫಾರ್ಮರ್‌ಗಳ ಗುಂಯ್ ಪಕ್ಕದ ಕೋಣೆಗೂ ಕೇಳಿಸಿತು. ಮನೆಯಲ್ಲಿ ಮಕ್ಕಳಿದ್ದರೆ ಬಿಸಿ ಗಾಜಿನ ಸುತ್ತ ಜಾಲರಿ ಬೇಕೇ ಬೇಕು. ತಳದ ಮುಚ್ಚಳ ತೆಗೆಯುವವರು ನೆನಪಿಡಬೇಕಾದದ್ದು: ಒಳಗಿರುವುದು ಸುಮಾರು 300 ವೋಲ್ಟ್, ಮತ್ತು ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರ್‌ಗಳಲ್ಲಿ ಅದು ಕೆಲಹೊತ್ತು ಉಳಿದಿರಬಹುದು.

ವಾಲ್ವ್ ಕೊಳ್ಳಿರೆಂದು ನಾನೇ ಹೇಳುವ ಸಂದರ್ಭವೂ ಒಂದಿದೆ. ಸ್ನೇಹಿತರ ಮನೆಯಲ್ಲಿ ಅದೇ ಆಂಪ್ಲಿಫೈಯರ್ 95 ಡೆಸಿಬಲ್‌ನ ದೊಡ್ಡ ಪೆಟ್ಟಿಗೆಗಳಿಗೆ ಜೋಡಿಸಿದೆ. 8 ಡೆಸಿಬಲ್ ಹೆಚ್ಚೆಂದರೆ ಅಷ್ಟೇ ಸದ್ದಿಗೆ ಆರನೆಯ ಒಂದು ಭಾಗದಷ್ಟು ವಾಟ್ ಸಾಕು. ನಮ್ಮ ಮನೆಯಲ್ಲಿ ಮೃದಂಗದ ಒಂಟಿ ವಾದನವಾದ ತನಿ ಆವರ್ತನ ಕಾವೇರುತ್ತಿದ್ದಂತೆ ಉಸಿರುಕಟ್ಟುತ್ತಿದ್ದ ಇಎಲ್84ಗಳು ಅಲ್ಲಿ ಬೆವರಲಿಲ್ಲ. ಆದರೆ ಆ ಪೆಟ್ಟಿಗೆಗಳು ಒಂದೊಂದೂ ಅರ್ಧ ಬೀರುವಿನಷ್ಟಿವೆ. ನಮ್ಮ ಹಜಾರದಲ್ಲಿ ಅವು ಬಂದರೆ ಸೋಫಾ ಹೊರಗೆ ಹೋಗಬೇಕು, ಮನೆಯಲ್ಲಿ ಅದಕ್ಕೆ ಯಾರ ಒಪ್ಪಿಗೆಯೂ ಸಿಕ್ಕಿಲ್ಲ.