ಕಂಪನಿ ಡೆಸ್ಕ್‌ಟಾಪ್ ತಗೋಬೇಕಾ, ಅಸೆಂಬಲ್ ಮಾಡಿಸಬೇಕಾ? ಕಲಬುರಗಿಯಲ್ಲಿ 2022ರಿಂದ ಎರಡನ್ನೂ ಬಳಸಿದ ಅನುಭವ

ನಮ್ಮದು ಕಲಬುರಗಿಯಲ್ಲಿ ಡಿಟಿಪಿ ಮಾಡುವ, ಆನ್‌ಲೈನ್ ಅರ್ಜಿ ಹಾಕುವ ಅಂಗಡಿ. 2022ರಲ್ಲಿ ಎರಡು ಹೊಸ ಡೆಸ್ಕ್‌ಟಾಪ್ ತಂದೆವು. ಒಂದು ದೊಡ್ಡ ಕಂಪನಿಯದು, ಬಾಕ್ಸ್ ಬಿಚ್ಚಿ ಪ್ಲಗ್ ಹಾಕಿದರೆ ಕೆಲಸ ಶುರು. ಇನ್ನೊಂದು ಪಾರ್ಟುಗಳನ್ನು ಆರಿಸಿ ಜೋಡಿಸಿದ್ದು. ಅಂದಿನಿಂದ ಎರಡೂ ಅಕ್ಕಪಕ್ಕದ ಟೇಬಲ್ ಮೇಲೆ ಬೆಳಿಗ್ಗೆಯಿಂದ ರಾತ್ರಿಯವರೆಗೆ ಓಡುತ್ತಿವೆ. ಒಂದೇ ಕರೆಂಟು, ಒಂದೇ ಧೂಳು, ಒಂದೇ ಬಿಸಿಲು.

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಊರಲ್ಲಿ ಇದನ್ನು ಬೆಲೆ ನೋಡಿ ತೀರ್ಮಾನ ಮಾಡಬೇಡಿ. ವಾರಂಟಿ ಮುಗಿದ ಮೇಲೆ ಒಂದು ಪಾರ್ಟು ಸುಟ್ಟರೆ ಅದು ಇಲ್ಲೇ ಸಿಗುತ್ತಾ, ಸಂಜೆಯೊಳಗೆ ಸಿಗುತ್ತಾ, ಅದನ್ನು ನೋಡಿ.

ಕಂಪನಿ ಸಿಸ್ಟಮ್‌ನಲ್ಲಿ ಇಂಟೆಲ್ ಐ5-12400 ಪ್ರೊಸೆಸರ್, 8 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ಅಸಲಿ ವಿಂಡೋಸ್ 11 ಇದ್ದವು. ಅಸೆಂಬಲ್ ಮಾಡಿದ್ದಕ್ಕೆ ಎಎಂಡಿ ಕಂಪನಿಯ ರೈಜನ್ 5 5600ಜಿ ಪ್ರೊಸೆಸರ್, ಬಿ450 ಮದರ್‌ಬೋರ್ಡ್, 16 ಜಿಬಿ ಡಿಡಿಆರ್4 ರ‍್ಯಾಮ್, 500 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ, ಒಳ್ಳೆಯ 450 ವ್ಯಾಟ್ ಎಸ್‌ಎಂಪಿಎಸ್ (ಎಲ್ಲ ಪಾರ್ಟುಗಳಿಗೆ ಕರೆಂಟು ಕೊಡುವ ಡಬ್ಬಿ) ಹಾಕಿಸಿದೆವು. ಮಾನಿಟರ್ ಬಿಟ್ಟು ಸುಮಾರು 42 ಸಾವಿರ ಆಯಿತು. 5600ಜಿ ಆರಿಸಿದ್ದಕ್ಕೆ ಕಾರಣ ಇದೆ. ಅದರೊಳಗೇ ಗ್ರಾಫಿಕ್ಸ್ ಇದೆ, ಬೇರೆ ಕಾರ್ಡ್ ಬೇಕಿಲ್ಲ. ಕಾರ್ಡ್ ಇಲ್ಲದಿದ್ದರೆ ಬಿಸಿ ಕಡಿಮೆ, ಕರೆಂಟು ಕಡಿಮೆ, ಕೆಡುವ ವಸ್ತುವೂ ಒಂದು ಕಡಿಮೆ. ಫೋಟೋಶಾಪ್, ಕೋರಲ್‌ಡ್ರಾ, ಕನ್ನಡ ಟೈಪಿಂಗಿನ ನುಡಿ, ಇಪ್ಪತ್ತು ಟ್ಯಾಬ್ ತೆರೆದ ಕ್ರೋಮ್, ಇಷ್ಟೇ ನಮ್ಮ ಕೆಲಸ. ಸ್ಪೀಡಿನಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಫ್ಲೆಕ್ಸ್‌ಗೆ ದೊಡ್ಡ ಫೈಲ್ ತೆರೆದಾಗ ಮಾತ್ರ 8 ಜಿಬಿ ರ‍್ಯಾಮ್ ಸಾಲುತ್ತಿರಲಿಲ್ಲ, ಅದಕ್ಕೆ ಇನ್ನೊಂದು 8 ಜಿಬಿ ಹಾಕಿದೆವು.

ಈಗ ಬಿಸಿಲಿನ ಮಾತು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟೋದು ಯಾರಿಗೂ ಹೊಸದಲ್ಲ. ಫ್ಯಾನ್ ಇರುವ ಯಾವ ಕಂಪ್ಯೂಟರೂ ಕೋಣೆಯ ಗಾಳಿಗಿಂತ ತಣ್ಣಗೆ ಆಗಲಾರದು. ಅಂದ್ರೆ 25 ಡಿಗ್ರಿಯ ಎಸಿ ಕೋಣೆಯಲ್ಲಿ 65 ಡಿಗ್ರಿ ತೋರಿಸುವ ಪ್ರೊಸೆಸರ್, ಅದೇ ಕೆಲಸಕ್ಕೆ ನಮ್ಮ 40 ಡಿಗ್ರಿ ಅಂಗಡಿಯಲ್ಲಿ 80ರ ಹತ್ತಿರ ಹೋಗುತ್ತದೆ. 5600ಜಿಗೆ 95 ಡಿಗ್ರಿ ಕೊನೆಯ ಮಿತಿ, ಅದನ್ನು ಮುಟ್ಟಿದರೆ ತಾನೇ ನಿಧಾನ ಆಗುತ್ತದೆ. ಯೂಟ್ಯೂಬಿನಲ್ಲಿ ಎಸಿ ಕೋಣೆಯಲ್ಲಿ ಕೂತು ಮಾಡಿದ ವಿಮರ್ಶೆ ನೋಡುವಾಗ ಈ ಲೆಕ್ಕ ಮನಸ್ಸಲ್ಲಿರಲಿ. ಕಂಪನಿ ಸಿಸ್ಟಮ್‌ನ ಕ್ಯಾಬಿನೆಟ್ ಚಿಕ್ಕದು, ನೋಡಲು ಚೆಂದ, ಆದರೆ ಗಾಳಿ ಆಡುವುದಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಅದರ ಫ್ಯಾನ್ ಸದ್ದು ಗಿರಾಕಿಗೂ ಕೇಳಿಸುತ್ತದೆ. ಅಸೆಂಬಲ್ ಮಾಡಿದ್ದರಲ್ಲಿ ಮುಂದೆ ಜಾಳಿ ಇರುವ ಕ್ಯಾಬಿನೆಟ್ ಆರಿಸಿ, ಮುಂದೆ ಎರಡು, ಹಿಂದೆ ಒಂದು ಫ್ಯಾನ್ ಹಾಕಿಸಿದ್ದರಿಂದ ಅದು ಮೇ ತಿಂಗಳಲ್ಲೂ ಸಮಾಧಾನವಾಗಿ ಓಡುತ್ತದೆ.

ಜಾಳಿ ಇದ್ದರೆ ಧೂಳೂ ಜಾಸ್ತಿ ಬರುತ್ತೆ, ಅದು ನಿಜ. ಸೇಡಂ, ವಾಡಿ, ಶಹಾಬಾದ್ ಕಡೆಯವರಿಗೆ ಸಿಮೆಂಟ್, ಕಲ್ಲಿನ ಧೂಳು ಬಿಡಿಸಿ ಹೇಳಬೇಕಿಲ್ಲ. ತಿಂಗಳಿಗೊಮ್ಮೆ ಬ್ಲೋವರ್ ಹಿಡಿಯಿರಿ, ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ತಡೆಯಿರಿ. ವರ್ಷಕ್ಕೊಮ್ಮೆ, ಬೇಸಿಗೆಗೆ ಮುಂಚೆ, ಪ್ರೊಸೆಸರ್ ಬಿಸಿಯನ್ನು ಹೀಟ್‌ಸಿಂಕ್‌ಗೆ (ಅದರ ಮೇಲಿನ ಲೋಹದ ರೆಕ್ಕೆಗಳಿಗೆ) ದಾಟಿಸುವ ಥರ್ಮಲ್ ಪೇಸ್ಟ್ ನೋಡಿಸಿ. ಇನ್ನೊಂದು ಮುಖ್ಯ ವಿಷಯ ಇದೆ, ಇದನ್ನು ಯಾರೂ ಹೇಳುವುದಿಲ್ಲ. ನೀರಿನ ಕೂಲರ್ ಗಾಳಿ ನೇರವಾಗಿ ಕ್ಯಾಬಿನೆಟ್ ಮೇಲೆ ಬೀಳದಂತೆ ಇಡಿ. ತೇವದ ಗಾಳಿಗೆ ಧೂಳು ಸೇರಿ ಹೀಟ್‌ಸಿಂಕ್ ಸಂದಿಯಲ್ಲಿ ಮಣ್ಣಾಗಿ ಕೂಡುತ್ತದೆ, ಆಮೇಲೆ ಬ್ಲೋವರ್‌ಗೂ ಬರುವುದಿಲ್ಲ. ಹಿಂದಿನ ಖಾಲಿ ಸ್ಲಾಟ್‌ಗಳಿಗೆ ಪಟ್ಟಿ ಮುಚ್ಚಿರಲಿ, ಹಲ್ಲಿ ಒಳಗೆ ಹೋಗಿ ಬೋರ್ಡ್ ಶಾರ್ಟ್ ಆದ ಸಿಸ್ಟಮ್‌ಗಳನ್ನು ನೋಡಿದ್ದೇನೆ.

ನನ್ನ ತೀರ್ಮಾನ ಗಟ್ಟಿಯಾಗಿದ್ದು ಕಂಪನಿ ಸಿಸ್ಟಮ್‌ನ ಎಸ್‌ಎಂಪಿಎಸ್ ಹೋದಾಗ. ಒಂದು ವರ್ಷದ ವಾರಂಟಿ ಮುಗಿದಿತ್ತು. ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಅರ್ಜಿಯ ಕೊನೆ ದಿನಗಳು, ಕಲ್ಯಾಣ ಕರ್ನಾಟಕದ ಮೀಸಲಾತಿಗೆ ಬೇಕಾದ 371ಜೆ ಪ್ರಮಾಣಪತ್ರ ಕೈಯಲ್ಲಿ ಹಿಡಿದ ಹುಡುಗರು ಅಂಗಡಿ ಹೊರಗೆ ನಿಂತಿದ್ದಾರೆ. ಇಲ್ಲಿನ ಸೂಪರ್ ಮಾರ್ಕೆಟ್ ಬಜಾರಿನ ಕಡೆಯ ರಿಪೇರಿ ಹುಡುಗ ಬಿಚ್ಚಿ ನೋಡಿ, "ಸರ, ಇದರ ಪಿನ್ನೇ ಬ್ಯಾರೆ ಅದರೀ, ನಮ್ಮ ಹತ್ರ ಇರೋದು ಇದಕ್ಕ ಕೂಡಂಗಿಲ್ಲ" ಅಂದ. ಅವನ ಮಾತು ಸರಿ. ಮಾಮೂಲಿ ಎಸ್‌ಎಂಪಿಎಸ್‌ನಿಂದ ಬೋರ್ಡಿಗೆ 24 ಪಿನ್ನಿನ ವೈರು ಬರುತ್ತದೆ. ದೊಡ್ಡ ಕಂಪನಿಗಳ ಎಷ್ಟೋ ಮಾಡೆಲ್‌ಗಳಲ್ಲಿ ತಮ್ಮದೇ ಪಿನ್ನು, ತಮ್ಮದೇ ಅಳತೆಯ ಡಬ್ಬಿ, ತಮ್ಮದೇ ಆಕಾರದ ಬೋರ್ಡ್ ಇರುತ್ತವೆ. ಸರ್ವಿಸ್ ಸೆಂಟರ್‌ನವರು ಪಾರ್ಟು ತರಿಸಬೇಕು ಅಂದರು, ಬರಲು ವಾರಗಳೇ ಹಿಡಿದವು, ಬೆಲೆಯೂ ಮಾಮೂಲಿ ಎಸ್‌ಎಂಪಿಎಸ್‌ಗಿಂತ ಜಾಸ್ತಿ. ಮುಂದಿನ ವರ್ಷ ಮಳೆಗಾಲ ಶುರುವಾಗುವ ಮುಂಚಿನ ಗುಡುಗು ಸಿಡಿಲಿನಲ್ಲಿ ಅಸೆಂಬಲ್ ಸಿಸ್ಟಮ್‌ನದೂ ಹೋಯಿತು. ಅಂಗಡಿಗೆ ಹೋಗಿ ಬೇರೆ ತಂದು ಹಾಕಿದೆವು, ಅದೇ ಮಧ್ಯಾಹ್ನ ಮತ್ತೆ ಕೆಲಸ ಶುರು. ಹಳೆಯದನ್ನು ವಾರಂಟಿಗೆ ಕಳಿಸಿದೆವು.

ಆ ವಾರಂಟಿ ಕಥೆಯನ್ನೂ ಹೇಳಬೇಕು. ಅಸೆಂಬಲ್ ಸಿಸ್ಟಮ್‌ಗೆ ಒಟ್ಟಾಗಿ ಹೊಣೆ ಹೊರುವವರು ಯಾರೂ ಇಲ್ಲ. ಬಾಕ್ಸ್ ಪ್ರೊಸೆಸರ್‌ಗೆ 3 ವರ್ಷ, ಬೋರ್ಡಿಗೆ ಸಾಮಾನ್ಯವಾಗಿ 3 ವರ್ಷ, ಎಸ್‌ಎಸ್‌ಡಿಗೆ 3 ಅಥವಾ 5 ವರ್ಷ, ಹೀಗೆ ಒಂದೊಂದಕ್ಕೆ ಒಂದೊಂದು ಲೆಕ್ಕ. ಮಾರಿದವರು "ಕಂಪನಿಗೆ ಕಳಿಸ್ರಿ" ಅಂತಾರೆ, ಕಂಪನಿ ಸೆಂಟರ್ ಹೈದರಾಬಾದಿನಲ್ಲಿ. ಕೊರಿಯರ್, ಫೋನು, ಕಾಯುವುದು ಎಲ್ಲ ನಮ್ಮ ತಲೆ ಮೇಲೆಯೇ. ಕಂಪನಿ ಸಿಸ್ಟಮ್‌ಗೆ ವಾರಂಟಿ ಇದ್ದಷ್ಟು ದಿನ ಒಂದು ಫೋನ್ ಮಾಡಿದರೆ ಟೆಕ್ನೀಷಿಯನ್ ಅಂಗಡಿಗೇ ಬಂದ, ಅದನ್ನು ಮೆಚ್ಚಲೇಬೇಕು. ಅದಕ್ಕೇ ಶಾಲೆ, ಸೊಸೈಟಿ, ಆಫೀಸಿನವರು ಕೇಳಿದರೆ ನಾನು ಕಂಪನಿಯದೇ ಹೇಳುತ್ತೇನೆ. ಆದರೆ ಕೊಳ್ಳುವಾಗಲೇ ಹಣ ಸೇರಿಸಿ ಆನ್‌ಸೈಟ್ (ಇದ್ದಲ್ಲಿಗೇ ಬಂದು ರಿಪೇರಿ ಮಾಡುವ) ವಾರಂಟಿಯನ್ನು 3 ವರ್ಷಕ್ಕೆ ಏರಿಸಿಕೊಳ್ಳಿ. ಮಕ್ಕಳು ಬೆಂಗಳೂರಲ್ಲಿದ್ದು ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ ಇದ್ದರೂ ಅದೇ ಒಳ್ಳೆಯದು.

ಕರೆಂಟು. ಎರಡರಲ್ಲಿ ಯಾವುದು ತಂದರೂ ಮೊದಲು ಅರ್ಥಿಂಗ್ ಪರೀಕ್ಷೆ ಮಾಡಿಸಿ, ದಯವಿಟ್ಟು. ಕ್ಯಾಬಿನೆಟ್ ಮುಟ್ಟಿದರೆ ಜುಂ ಅನ್ನುವ ಮನೆಗಳು ನಮ್ಮಲ್ಲಿ ಎಷ್ಟಿವೆ! 600 ವಿಎ ಯುಪಿಎಸ್ ಅಂದ್ರೆ ಸಾಮಾನ್ಯವಾಗಿ 360 ವ್ಯಾಟ್, ಗ್ರಾಫಿಕ್ಸ್ ಕಾರ್ಡ್ ಇಲ್ಲದ ಸಿಸ್ಟಮ್‌ಗೆ ಧಾರಾಳ ಸಾಕು. ಆಕ್ಟಿವ್ ಪಿಎಫ್‌ಸಿ (ಕರೆಂಟನ್ನು ಹದವಾಗಿ ಎಳೆಯುವ ಸರ್ಕ್ಯೂಟ್) ಇರುವ ಕೆಲವು ಒಳ್ಳೆಯ ಎಸ್‌ಎಂಪಿಎಸ್‌ಗಳು ಅಗ್ಗದ ಯುಪಿಎಸ್ ಕೊಡುವ ಒರಟು ವೇವ್‌ಗೆ ಒಗ್ಗದೆ ಆಫ್ ಆಗಿಬಿಡುತ್ತವೆ. ಅಂಗಡಿಯಲ್ಲೇ ಯುಪಿಎಸ್‌ನ ಪ್ಲಗ್ ಎಳೆದು, ಸಿಸ್ಟಮ್ ಓಡುತ್ತಾ ಅಂತ ತೋರಿಸಲು ಹೇಳಿ. ಮನೆ ಇನ್ವರ್ಟರ್ ಮೇಲೆ ಓಡಿಸುವವರು ಹಿಂದಿನ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ಹಾಕಿ. ಇಲ್ಲಿನ ಸೆಖೆಗೆ ಬ್ಯಾಟರಿ ಬೇಗ ಸೋಲುತ್ತದೆ, ಅದರ ಖರ್ಚನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಈಗ ಹೊಸದಾಗಿ ಕೊಳ್ಳುವವರಿಗೆ ಕಷ್ಟದ ಕಾಲ. ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಚಿಪ್ ಹೋಗುತ್ತಿರುವುದರಿಂದ 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿತು. ಹಳೆ ಸಿಸ್ಟಮ್‌ನಲ್ಲಿ ಡಿಡಿಆರ್4 ರ‍್ಯಾಮ್ ಇದ್ದರೆ ಸುಮ್ನೆ ಮಾರಬೇಡಿ, ನಮ್ಮ 5600ಜಿ ಕೂಡುವಂಥ ಎಎಂ4 ಬೋರ್ಡಿಗೆ ಅದೇ ನಡೆಯುತ್ತದೆ. ಎಎಂಡಿಯ ಹೊಸ ಎಎಂ5 ಬೋರ್ಡಿಗೆ ಡಿಡಿಆರ್5 ಮಾತ್ರ. ಈ ವಿಷಯದಲ್ಲಿ ಅಸೆಂಬಲ್ ಮಾಡುವವರಿಗೆ ದೊಡ್ಡ ಅನುಕೂಲ. ಕ್ಯಾಬಿನೆಟ್, ಎಸ್‌ಎಂಪಿಎಸ್, ಎಸ್‌ಎಸ್‌ಡಿ ಉಳಿಸಿಕೊಂಡು ಬೋರ್ಡ್, ಪ್ರೊಸೆಸರ್ ಮಾತ್ರ ಬದಲಿಸಬಹುದು.

ಸೆಕೆಂಡ್ ಹ್ಯಾಂಡ್ ಬಗ್ಗೆ ಒಂದೇ ಮಾತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ವಿಂಡೋಸ್ 11ಕ್ಕೆ ಇಂಟೆಲ್ ಆದರೆ 8ನೇ ತಲೆಮಾರು ಅಥವಾ ಆಮೇಲಿನದು ಬೇಕು. "ಐ5 ಇದೆ" ಅಂತ ಕಡಿಮೆಗೆ ಕೊಡುವವರನ್ನು ಎಷ್ಟನೇ ತಲೆಮಾರು ಎಂದು ಕೇಳಿ.

ನಮ್ಮ ಅಂಗಡಿಗೆ ಮೂರನೆಯದು ಬೇಕಾಗಿದೆ, ಅದು ಅಸೆಂಬಲ್ ಸಿಸ್ಟಮ್ಮೇ. ಬೋರ್ಡ್, ಪ್ರೊಸೆಸರ್ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್‌ನಲ್ಲಿ ತಗೊಳ್ಳುತ್ತೇವೆ, ಅಲ್ಲಿ ಆಯ್ಕೆ ಜಾಸ್ತಿ. ಎಸ್‌ಎಂಪಿಎಸ್ ಮತ್ತು ಯುಪಿಎಸ್ ಮಾತ್ರ ಕಲಬುರಗಿಯಲ್ಲೇ, ಯಾಕಂದ್ರೆ ಮೊದಲು ಕೆಡುವುದು ಅವೇ. ವಿಂಡೋಸ್ ಲೈಸೆನ್ಸ್ ಹಣವನ್ನು ಬಜೆಟ್‌ನಲ್ಲೇ ಸೇರಿಸಿಕೊಳ್ಳಿ, ಅಂಗಡಿಯವರು ಪುಕ್ಕಟೆ ಹಾಕಿಕೊಡುವುದು ಅಸಲಿಯಲ್ಲ. ಪ್ರೊಸೆಸರ್ ಬಾಕ್ಸ್‌ನಲ್ಲೇ ಬರಲಿ, ಬಾಕ್ಸ್ ಇಲ್ಲದೆ ಬಿಡಿಯಾಗಿ ಮಾರುವ ಟ್ರೇ ಪ್ರೊಸೆಸರ್‌ಗೆ ಕಂಪನಿ ವಾರಂಟಿ ಇರುವುದಿಲ್ಲ. 18% ಜಿಎಸ್‌ಟಿ ಹಾಕಿದ ಬಿಲ್ ಕೇಳಿ, ಪ್ರತಿ ಪಾರ್ಟಿನ ಸೀರಿಯಲ್ ನಂಬರ್ ಅದರಲ್ಲಿ ಬರೆಸಿ. ಬಿಲ್ಲಿನ ಅಕ್ಷರ ಬೇಗ ಅಳಿಸಿಹೋಗುತ್ತದೆ, ಅವತ್ತೇ ಫೋಟೋ ತೆಗೆದಿಡಿ.