ಅಲೆದಾಟಕ್ಕೆ ಯಾವುದು: ಬ್ರೆತ್ ಆಫ್ ದಿ ವೈಲ್ಡ್, ಔಟರ್ ವೈಲ್ಡ್ಸ್?

ದಾರಿ ಬಿಟ್ಟು ಅಲೆಯುವ ಸುಖಕ್ಕಾಗಿಯೇ ವಿಡಿಯೊ ಗೇಮ್ ಕೊಳ್ಳುವವರಿಗೆ ನಾನು ಎರಡು ಹೆಸರು ಹೇಳುತ್ತೇನೆ: ನಿಂಟೆಂಡೊದ ‘ಬ್ರೆತ್ ಆಫ್ ದಿ ವೈಲ್ಡ್’ (2017), ಮೋಬಿಯಸ್ ಡಿಜಿಟಲ್‌ನ ‘ಔಟರ್ ವೈಲ್ಡ್ಸ್’ (2019).

ಮೊದಲನೆಯದರಲ್ಲಿ ಕಣ್ಣಿಗೆ ಬಿದ್ದ ಬೆಟ್ಟವನ್ನೆಲ್ಲ ಹತ್ತಬಹುದು. ಅರ್ಧ ಬಂಡೆ ಏರಿದಾಗ ಮಳೆ ಹಿಡಿದರೆ ಕೈ ಜಾರುತ್ತದೆ. ಕಸುವು ತೋರಿಸುವ ಹಸಿರು ಬಳೆ ಕರಗುತ್ತಿರುತ್ತದೆ. ಮಳೆ ನಿಲ್ಲಲೆಂದು ಕಾಯುವಾಗ ಕಣಿವೆಯಾಚೆ ಹೊಳೆಯುವ ಗುಡಿಯೊಂದು ಕಾಣುತ್ತದೆ, ಹೊರಟ ಕೆಲಸ ಅಲ್ಲಿಗೆ ಮರೆತುಹೋಗುತ್ತದೆ. ಅಂಥ ಗುಡಿಗಳು 120 ಇವೆ. ಮೂಲೆಮೂಲೆಯಲ್ಲಿ ಅಡಗಿರುವ ‘ಕೊರೊಕ್ ಬೀಜ’ಗಳೆಂಬ 900 ಪುಟ್ಟ ಬಹುಮಾನಗಳನ್ನು ಮಾತ್ರ ಲೆಕ್ಕವಿಟ್ಟು ಹುಡುಕಬೇಡಿ. ಅಲೆದಾಟ ಅಲ್ಲಿ ಕೂಲಿಯಾಗುತ್ತದೆ.

ನೌಕೆಯೇರಿ ಪುಟ್ಟ ಸೌರಮಂಡಲವೊಂದರಲ್ಲಿ ಗ್ರಹದಿಂದ ಗ್ರಹಕ್ಕೆ ಅಲೆಯುವ ಔಟರ್ ವೈಲ್ಡ್ಸ್ ಚಿಕ್ಕದು, ಆದರೆ ಆಳವಾದದ್ದು. 22 ನಿಮಿಷಕ್ಕೆ ಸೂರ್ಯ ಸಿಡಿಯುತ್ತಾನೆ. ನೀವು ಮತ್ತೆ ಆಟ ಶುರುವಾದ ಶಿಬಿರದ ಬೆಂಕಿಯ ಪಕ್ಕದಲ್ಲೇ ಕಣ್ಣು ತೆರೆಯುತ್ತೀರಿ. ಆಯುಧವಿಲ್ಲ, ಬೆಳೆಯುವ ಶಕ್ತಿಯಿಲ್ಲ, ಉಳಿಯುವುದು ತಿಳಿದುಕೊಂಡದ್ದು ಮಾತ್ರ. ಒಂದು ಗ್ರಹದ ಮರಳು ಅದರ ಜೋಡಿ ಗ್ರಹಕ್ಕೆ ಸುರಿಯುತ್ತದೆ: ಅಲ್ಲಿ ಗುಹೆಗಳು ಮುಚ್ಚಿಕೊಳ್ಳುತ್ತವೆ, ಇಲ್ಲಿ ಹೂತಿದ್ದ ಕಟ್ಟಡಗಳು ತಲೆಯೆತ್ತುತ್ತವೆ. ಯಾವ ಹೊತ್ತಿಗೆ ಎಲ್ಲಿ ನಿಂತಿರಬೇಕೆಂದು ಹೊಳೆದ ಗಳಿಗೆಯ ರೋಮಾಂಚನ ನನಗೆ ಬೇರೆ ಯಾವ ಆಟದಲ್ಲೂ ಸಿಕ್ಕಿಲ್ಲ.

ದಿನಕ್ಕೆ ಅರ್ಧ ಗಂಟೆ ಸಿಗುವವರಿಗೆ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಡುವವರಿಗೆ ಮೊದಲನೆಯದು. ಅದಕ್ಕೆ ನಿಂಟೆಂಡೊ ಯಂತ್ರವೇ ಬೇಕು. ಒಗಟನ್ನು ತಲೆಯಲ್ಲಿ ಹೊತ್ತು ಮಲಗುವ ಸ್ವಭಾವದವರಿಗೆ ಎರಡನೆಯದು, ಕಂಪ್ಯೂಟರ್ ಸಾಕು. ಅದನ್ನು ಹೊಸದಾಗಿ ಆಡಲು ಸಾಧ್ಯವಾಗುವುದು ಒಮ್ಮೆ ಮಾತ್ರ, ಹಾಗಾಗಿ ಯೂಟ್ಯೂಬ್‌ನಲ್ಲಿ ಮೊದಲೇ ನೋಡಬೇಡಿ.