ಪೆಟ್ರೋಲ್ ಟ್ಯಾಂಕಿಗೆ ಸೇರುವ ನೀರಿಗೆ ಬಟ್ಟೆ, ಜಾಲರಿ ಲಾಳಿಕೆ, ಬಟ್ಟಲು ಫಿಲ್ಟರ್: ಮೂರನ್ನೂ ಬಳಸಿ ನೋಡಿದ್ದು

ನಮ್ಮದು ಗಂಗೊಳ್ಳಿಯ ಸಣ್ಣ ನಾಡದೋಣಿ. 9.9 ಎಚ್‌ಪಿ ಪೆಟ್ರೋಲ್ ಎಂಜಿನ್, 24 ಲೀಟರಿನ ಟ್ಯಾಂಕ್. ಹೋದ ಮಳೆಗಾಲದಲ್ಲಿ ಅಳಿವೆ ಬಾಯಲ್ಲೇ ಎಂಜಿನ್ ನಿಂತುಬಿಟ್ಟಿತು. ಅಣ್ಣ ಹುಟ್ಟು ಹಾಕಿ ದೋಣಿಯ ಮೂತಿಯನ್ನು ತೆರೆಗೆ ಎದುರಾಗಿ ಹಿಡಿದುಕೊಂಡ. ನಾನು ಕಾರ್ಬ್ಯುರೇಟರ್ ಅಡಿಯ ಸ್ಕ್ರೂ ಸಡಿಲಿಸಿದೆ. ಬೆರಳ ಮೇಲೆ ಬಿದ್ದದ್ದು ಪೆಟ್ರೋಲ್ ಅಲ್ಲ, ನೀರು.

ಮೊದಲು ಬಟ್ಟೆ. ಎಲ್ಲರೂ ಮಾಡುವಂತೆ ಹಳೇ ಪಂಚೆಯನ್ನು ಎರಡು ಮಡಿಕೆ ಮಾಡಿ ಸೋಸಿದೆ. ಮರಳು, ತುಕ್ಕು ನಿಲ್ಲುತ್ತದೆ. ನೀರು ನಿಲ್ಲುವುದಿಲ್ಲ. ನೀರಿಗಾಗಿ ಇದನ್ನು ನಂಬಲೇಬೇಡಿ.

ನೀರು ತಡೆಯುವ ಜಾಲರಿ ಇರುವ ಲಾಳಿಕೆ ಎಷ್ಟೋ ವಾಸಿ. ಪೆಟ್ರೋಲ್ ಇಳಿಯುತ್ತದೆ, ನೀರಿನ ಹನಿ ಲಾಳಿಕೆಯ ತಳದಲ್ಲೇ ಉಳಿಯುತ್ತದೆ. ತುಂಬುವುದು ಮಾತ್ರ ನಿಧಾನ. ಆದರೆ ಅದರ ಕಾವಲು ತುಂಬುವ ಹೊತ್ತಿಗೆ ಮುಗಿಯಿತು. ಆಮೇಲೆ ಮುಚ್ಚಳದ ಗಾಳಿ ಸ್ಕ್ರೂನಿಂದ (ಟ್ಯಾಂಕಿನೊಳಗೆ ಗಾಳಿ ಬಿಡುವ ಸ್ಕ್ರೂ) ಇಳಿಯುವ ಮಳೆನೀರಿಗೆ, ರಾತ್ರಿ ಟ್ಯಾಂಕಿನೊಳಗೆ ಕಟ್ಟುವ ಬೆವರಿಗೆ ಅದು ಏನೂ ಮಾಡಲಾರದು.

ನನ್ನ ಮತ ಬಟ್ಟಲು ಫಿಲ್ಟರಿಗೆ. ಟ್ಯಾಂಕಿಗೂ ಎಂಜಿನಿಗೂ ನಡುವೆ ಪೈಪಿಗೆ ಸೇರಿಸುವಂಥದ್ದು, 10 ಮೈಕ್ರಾನಿನದು, ಅಂದರೆ ಮಿಲಿಮೀಟರಿನ ನೂರರಲ್ಲೊಂದು ಭಾಗದಷ್ಟು ಸಣ್ಣ ಕಸವನ್ನೂ ತಡೆಯುವಂಥದ್ದು. ಅಡಿಯಲ್ಲಿ ಪಾರದರ್ಶಕ ಬಟ್ಟಲು ಇರುತ್ತದೆ. ನೀರು ಬಂದರೆ ಗೆರೆ ಎಳೆದಂತೆ ಕಾಣುತ್ತದೆ, ತಿರುಪು ಬಿಚ್ಚಿ ಬಸಿದರಾಯಿತು. ಮೂರರಲ್ಲಿ ದುಬಾರಿ ಇದೇ, ಒಳಗಿನ ಫಿಲ್ಟರನ್ನು ಆಗಾಗ ಬದಲಿಸಲೂ ಬೇಕು. ಜೋಡಣೆ ಜಾಸ್ತಿ ಆದಷ್ಟೂ ಗಾಳಿ ಎಳೆಯುವ ಜಾಗವೂ ಜಾಸ್ತಿ. ನಾನು ಒಂದು ಕ್ಲಾಂಪ್ ಸರಿಯಾಗಿ ಬಿಗಿದಿರಲಿಲ್ಲ. ಪೈಪಿನ ನಡುವೆ ಇರುವ, ಹಿಸುಕಿ ಪೆಟ್ರೋಲನ್ನು ಎಂಜಿನಿಗೆ ತಳ್ಳುವ ಕೈಪಂಪಿನ ರಬ್ಬರ್ ಬಲ್ಬನ್ನು ಎಷ್ಟು ಹಿಸುಕಿದರೂ ಗಟ್ಟಿಯಾಗಲೇ ಇಲ್ಲ.

ಈ ಬಲ್ಬನ್ನು ಓದಲು ಕಲಿತರೆ ಅರ್ಧ ತೊಂದರೆ ಅಲ್ಲೇ ಗೊತ್ತಾಗುತ್ತದೆ. ಗಟ್ಟಿಯಾಗದಿದ್ದರೆ ಎಲ್ಲೋ ಗಾಳಿ ಎಳೆಯುತ್ತಿರಬಹುದು, ಪೈಪಿನ ತುದಿಯ ರಬ್ಬರ್ ಉಂಗುರ ನೋಡಿ. ಎಂಜಿನ್ ಓಡುವಾಗ ಚಪ್ಪಟೆಯಾದರೆ ಟ್ಯಾಂಕಿನ ಕಡೆ ತಡೆ ಇದೆ. ಮುಚ್ಚಳದ ಗಾಳಿ ಸ್ಕ್ರೂ ತೆರೆದಿದೆಯಾ ನೋಡಿ. ಫಿಲ್ಟರಿಗೆ ದುಡ್ಡು ಹಾಕುವ ಮೊದಲು ಇಷ್ಟು ಮಾಡಿ.

ಒಂದು ಕಡೆ ಮಾತ್ರ ಮೂರೂ ಸೋಲುತ್ತವೆ. ಸೀಮೆಎಣ್ಣೆಯಲ್ಲಾದರೆ ನೀರು ಬೇರೆಯಾಗಿ ತಳಕ್ಕೆ ಕೂರುತ್ತದೆ. ಈಗಿನ 20 ಶೇಕಡಾ ಎಥೆನಾಲ್ ಇರುವ ಪೆಟ್ರೋಲ್ ಹಾಗಲ್ಲ, ಮೊದಲು ನೀರನ್ನು ಹೀರಿಕೊಳ್ಳುತ್ತದೆ. ಮಿತಿ ಮೀರಿದಾಗ ಎಥೆನಾಲೂ ನೀರೂ ಒಟ್ಟಿಗೆ ತಳಕ್ಕೆ ಇಳಿಯುತ್ತವೆ. ಅನುಮಾನ ಬಂದರೆ ಟ್ಯಾಂಕಿನ ತಳದಿಂದ ಸ್ವಲ್ಪ ತೆಗೆದು ಗಾಜಿನ ಬಾಟಲಿಯಲ್ಲಿ ಅರ್ಧ ಗಂಟೆ ಇಡಿ. ಎರಡು ಪದರ ಕಂಡರೆ ಸೋಸುತ್ತಾ ಕೂರಬೇಡಿ, ಟ್ಯಾಂಕನ್ನೇ ಖಾಲಿ ಮಾಡಿ. ನಾವೀಗ ದೋಣಿಯನ್ನು ದಡದ ಮೇಲೆ ಎಳೆದಿಡುವ ದಿನ ಅದನ್ನೇ ಮಾಡುತ್ತೇವೆ.